ನನ್ನ ಹತ್ತಿರ ಇಟ್ಟ ಅವರ ಕಿಡ್ನಿ

ತುಂಬಿದ ಪೇಟೆಯಲ್ಲಿ, ನಾಲ್ಕು ಮಂದಿಯ ನಡುವೆ ನಿಂತು "ಉಚ್ಚಿ ಬಣ್ಣ ಹೆಂಗೈತ್ರಿ?" ಎಂದು ಕೂಗಿ ಕೇಳುವ ಗಂಡಸನ್ನು ನನ್ನ ಜನ್ಮದಲ್ಲಿ ಒಬ್ಬನನ್ನೇ ನೋಡಿದ್ದೇನೆ. ಕೈಯಲ್ಲಿ ಬಟ್ಟೆಯ ಚೀಲ, ಕಾಲಲ್ಲಿ ಹವಾಯಿ ಚಪ್ಪಲಿ, ಪ್ಯಾಂಟಿನ ಒಂದು ಕಾಲು ಮಡಚಿದ್ದು, ಇನ್ನೊಂದು ಇಳಿಬಿಟ್ಟದ್ದು. ಗುರುತಿಲ್ಲದವರು ತಲೆ ಕೆಟ್ಟವನೆಂದು ಸರಿದು ನಿಲ್ಲುತ್ತಿದ್ದರು. ಗುರುತಿದ್ದವರು ಇನ್ನೂ ಲಗೂ ಸರಿಯುತ್ತಿದ್ದರು, ಮುಂದಿನ ಸರದಿ ತಮ್ಮದೇ ಎಂದು ಅವರಿಗೆ ಗೊತ್ತಿತ್ತು.

ಅವರು ಹುಬ್ಬಳ್ಳಿಯಲ್ಲಿ ಮೂತ್ರರೋಗದ ಡಾಕ್ಟರಾಗಿದ್ದರು. ಈಗ ದವಾಖಾನೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಧಾರವಾಡದ ಮನೆಯಲ್ಲಿ ಕೂತಿದ್ದಾರೆ. ಹೆಸರು ಬರೆಯುವುದಿಲ್ಲ. ಕೈ ಮುಗಿದರೇ ಅವರಿಗೆ ಸಿಟ್ಟು ಬರುತ್ತದೆ, ಹೆಸರು ಅಚ್ಚು ಹಾಕಿಸಿದರೆ ಕೇಳುವುದೇ ಬೇಡ. ನಾನು ಫಕ್ಕೀರವ್ವ. ತವರು ಶಿರಗುಪ್ಪಿ, ಕೊಟ್ಟದ್ದು ಹುಬ್ಬಳ್ಳಿಗೆ. ಗಂಡ ಬೇಗ ಸತ್ತ. ಪೇಟೆಯಲ್ಲಿ ಗೋಣಿತಟ್ಟು ಹಾಸಿಕೊಂಡು ತಪ್ಪಲು ಪಲ್ಯ ಮಾರುತ್ತೇನೆ: ಮೆಂತೆ, ಪುಂಡಿ, ರಾಜಗಿರಿ, ಸಬ್ಬಸಿಗೆ, ಕೋತಂಬರಿ. ಶಾಲೆ ಎರಡನೇ ಇಯತ್ತೆಗೇ ಮುಗಿದದ್ದರಿಂದ ಬರೆಯುವುದು ನಿಧಾನ. ಉದ್ದ ಮಾಡುವುದಿಲ್ಲ.

ಅವರನ್ನು ದೇವರು ಎನ್ನುವ ಪೇಶಂಟುಗಳು ಬಹಳ ಮಂದಿ. ನಾನು ಎನ್ನುವುದಿಲ್ಲ. ದೇವರು ಒಂದು ಸಿವುಡು ಕೋತಂಬರಿಗೆ ಅಷ್ಟು ಚೌಕಾಸಿ ಮಾಡುವುದಿಲ್ಲ. ಚೌಕಾಸಿ ಮಾಡಿದರೂ ದೇವರಿಗೆ ಆರಿಸುವುದಾದರೂ ಬರುತ್ತದೆ. ಇವರು ಬಾಡಿದ್ದನ್ನೇ ಹುಡುಕಿ, ಮೂಗಿಗೆ ಹಿಡಿದು, "ಹ್ಞಾಂ, ಇದು ತಾಜಾ ಐತಿ" ಎನ್ನುತ್ತಿದ್ದರು. ನಾನು ಅದನ್ನು ಕಸಿದುಕೊಂಡು ಬೇರೆಯದನ್ನು ಚೀಲಕ್ಕೆ ಹಾಕುತ್ತಿದ್ದೆ.

ಮೊದಲ ಸಲ ಅವರ ಮುಂದೆ ನನ್ನನ್ನು ಮಲಗಿಸಿದಾಗ ನನಗೆ ಅರ್ಧ ಎಚ್ಚರ ಇತ್ತು, ಅರ್ಧ ಇರಲಿಲ್ಲ. ತೊಂಬತ್ತರ ದಶಕದ ಮಾತು. ಚಳಿಜ್ವರ, ಎಡಗಡೆ ಬೆನ್ನಿನಲ್ಲಿ ಒನಕೆಯಿಂದ ಕುಟ್ಟಿದಂಥ ನೋವು. ಮಗಳು ಶೋಭಾ ಆಟೋದಲ್ಲಿ ಹಾಕಿಕೊಂಡು ಬಂದಿದ್ದಳು. ಡಾಕ್ಟರು ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದರು.

"ಎಡಗಡೆ ಕಿಡ್ನಿ ಕಲ್ಲು ತುಂಬಿ ಕೊಳತೈತಿ. ಇದು ಇನ್ನ ಕಿಡ್ನಿ ಅಲ್ಲ, ಕೀವಿನ ಚೀಲ. ತಗೀಬೇಕು."

"ತಗದ್ರ ನಮ್ಮವ್ವ ಉಳೀತಾಳೇನ್ರಿ?" ಎಂದಳು ಶೋಭಾ.

"ಇನ್ನೊಂದೈತಲ್ಲ."

"ಅದೂ ಕೊಳತ್ರ?" ಎಂದು ಕೇಳಿದವಳು ನಾನು.

"ಅದನ್ನ ನಾ ನೋಡ್ಕೋತೇನಿ. ನೀವು ಬಾಯಿ ಮುಚ್ಚಿ ಮಲಗ್ರಿ."

ತೆಗೆದರು. ಪಕ್ಕೆಯಿಂದ ಬೆನ್ನಿನವರೆಗೆ ಕುಡುಗೋಲಿನಷ್ಟು ದೊಡ್ಡ ಗಾಯ. ಮನೆಗೆ ಕಳಿಸುವ ದಿನ ಮಂಚದ ಹತ್ತಿರ ಬಂದು ನಿಂತರು. "ಫಕ್ಕೀರವ್ವಾ, ಒಂದ ಮಾತ ತಿಳ್ಕೋರಿ. ಉಳದ ಕಿಡ್ನಿ ನಿಮ್ದಲ್ಲ. ಅದು ನಂದು. ನಿಮ್ಮ ಹತ್ರ ಇಟ್ಟೇನಿ ಅಷ್ಟ. ಹಾಳ ಮಾಡಿದ್ರ ನಾ ಸುಮ್ಮ ಬಿಡಂಗಿಲ್ಲ."

"ನಿಮ್ದಾದ್ರ ನೀವ ಒಯ್ಯರಿ," ಎಂದೆ.

"ನನ್ನ ಹೊಟ್ಟ್ಯಾಗ ಜಾಗಾ ಇಲ್ಲ. ಮಿರ್ಚಿ ತುಂಬ್ಯಾವ."

ಅದು ಖರೆ. ಊರಿಗೆಲ್ಲ ಉಪ್ಪು ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ ಎಂದು ಗದರಿಸುತ್ತಿದ್ದ ಮನುಷ್ಯ ಸಂಜೆಗೆ ಚುರುಮುರಿ ಗಿರಮಿಟ್ಟಿನ ಗಾಡಿಯ ಮುಂದೆ ಮಿರ್ಚಿ ಭಜಿ ತಿನ್ನುತ್ತ ನಿಂತಿರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನನ್ನು ಕಂಡು ಭಜಿಯ ಕಾಗದವನ್ನು ಬೆನ್ನ ಹಿಂದೆ ಹಿಡಿದರು.

ಅಂದಿನಿಂದ ಸಿಕ್ಕಾಗಲೆಲ್ಲ ಅವರ ಮೊದಲ ಮಾತು, "ನನ್ನ ಕಿಡ್ನಿ ಹೆಂಗೈತ್ರಿ?" ಎರಡನೆಯದು, "ನೀರ ಕುಡದ್ರಿ?" ಮೂರನೆಯದನ್ನು ಮೇಲೆಯೇ ಬರೆದಿದ್ದೇನೆ.

ನೀರಿನ ಮಾತು ನಮ್ಮಿಬ್ಬರ ನಡುವೆ ದೊಡ್ಡ ಜಗಳವಾಯಿತು. ತಪಾಸಣೆಗೆ ಹೋದಾಗಲೆಲ್ಲ ನನ್ನ ಮೂತ್ರದ ಬಾಟಲಿಯನ್ನು ಮೇಲೆತ್ತಿ, "ಇದೇನು ಉಚ್ಚಿನೋ ಕುಸುಬಿ ಎಣ್ಣಿನೋ?" ಎಂದು ಇಡೀ ದವಾಖಾನೆಗೆ ಕೇಳುವಂತೆ ಅನ್ನುತ್ತಿದ್ದರು. ನಾನು ತಪ್ಪನ್ನು ನಳದ ಮೇಲೆ ಹಾಕುತ್ತಿದ್ದೆ. "ನಮ್ಮ ಓಣ್ಯಾಗ ನಳಾ ಎಂಟ ದಿನಕ್ಕೊಮ್ಮೆ ಬರ್ತೈತ್ರಿ. ನೀವ ದಿನಾ ಕುಡೀರಿ ಅಂತೀರಿ."

"ಕುಡ್ಯಾಕ ಒಂದ ಕೊಡಾ ನೀರ ಇಲ್ಲೇನು ಮನ್ಯಾಗ?"

ಇತ್ತು. ಮನೆಯಲ್ಲಿಯೂ ಇತ್ತು, ಪೇಟೆಯಲ್ಲಿ ನನ್ನ ಮಗ್ಗುಲಲ್ಲಿಯೂ ಒಂದು ಕೊಡ ಇರುತ್ತಿತ್ತು. ಕುಡಿಯದಿರುವ ಕಾರಣ ಬೇರೆ. ಅದನ್ನು ಗಂಡಸಿನ ಮುಂದೆ ಹೇಳುವಷ್ಟು ನಾಲಿಗೆ ನನಗೂ ಉದ್ದವಿರಲಿಲ್ಲ.

ಒಂದು ರವಿವಾರ ಅವರು ಚೀಲ ಹಿಡಿದು ಬಂದು ಸುಮ್ಮನೆ ನಿಂತರು. ಕೊಳ್ಳಲಿಲ್ಲ, ಚೌಕಾಸಿ ಮಾಡಲಿಲ್ಲ. ನನ್ನ ಬದಿಗೆ ಮಾಬೂಬಿ ಕೂಡುತ್ತಾಳೆ, ಲಿಂಬೆಹಣ್ಣು, ಹಸಿಮೆಣಸಿನಕಾಯಿ, ಶುಂಠಿ ಅವಳದು. ಅವಳ ಮೆಣಸಿನಕಾಯಿ ಗುಂಪಿಯ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದರು. ಬಿಸಿಲೇರಿತು. ನಾನು ನನ್ನಷ್ಟಕ್ಕೆ ತಂಬಿಗೆಯಲ್ಲಿ ಕೈ ಅದ್ದಿ ಮೆಂತೆಯ ಮೇಲೆ ನೀರು ಹೊಡೆದೆ, ಕೋತಂಬರಿಯ ಮೇಲೆ ಹೊಡೆದೆ, ಗಿರಾಕಿ ಹೋದ ಮೇಲೆ ಮತ್ತೆ ಹೊಡೆದೆ.

"ಮೆಂತೆಕ್ಕ ಎಷ್ಟ ಸರತಿ ನೀರ ಹೊಡದ್ರಿ, ಗೊತ್ತೈತೇನು?"

"ಹೊಡೀದಿದ್ರ ಬಾಡ್ತೈತ್ರಿ."

"ನೀವು ಬಾಡಂಗಿಲ್ಲೇನು? ನಾ ಬಂದಾಗಿಂದ ಒಂದ ಗುಟಕಾ ಬಾಯಿಗೆ ಹಾಕಿಲ್ಲ."

ನಾನು ತಲೆ ಬಗ್ಗಿಸಿದೆ. ಮಾಬೂಬಿ ಮಾತ್ರ ತಕ್ಕಡಿ ಕೆಳಗಿಟ್ಟಳು. "ಸಾಹೇಬ್ರ, ಕುಡದ್ರ ಎಲ್ಲಿಗೆ ಹೋಗ್ಬೇಕ್ರಿ? ನಿಮ್ಮ ಗಂಡಸರಿಗೆ ಊರ ತುಂಬ ಗ್ವಾಡಿ ಅದಾವ. ನಾವು ಮುಂಜಾನಿ ಕತ್ತಲಾಗ ಮನ್ಯಾಗ ಹೋಗಿ ಬಂದ್ರ ಮತ್ತ ರಾತ್ರಿನ. ಕುಡದ ಕುಂತ್ರ ಹಿಡ್ಕೊಂಡ ಸಾಯೂದು. ಅದಕ್ಕ ಕುಡ್ಯಂಗಿಲ್ಲ. ಅಕ್ಕ ಒಬ್ಬಾಕಿ ಅಲ್ಲ, ಈ ಸಾಲಿನ್ಯಾಗ ಯಾರೂ ಕುಡ್ಯಂಗಿಲ್ಲ."

   ಡಾಕ್ಟರು ಸಾಲಿನ ಉದ್ದಕ್ಕೂ ನೋಡಿದರು. ನಾವೆಲ್ಲ ಹೆಂಗಸರು, ಎಲ್ಲರ ಮಗ್ಗುಲಲ್ಲಿ ಒಂದೊಂದು ಕೊಡ ನೀರು, ಎಲ್ಲವೂ ತಪ್ಪಲಿಗೆ. ಆಮೇಲೆ ಚೀಲವನ್ನು ನನ್ನ ಮುಂದೆ ಒಗೆದು ರಸ್ತೆ ದಾಟಿ ಎದುರಿನ ಸೀರೆ ಅಂಗಡಿಗೆ ಹೋದರು. ಏನು ನಡೆಯುತ್ತದೆಂದು ನೋಡಲು ಮಾಬೂಬಿಯೂ ಹಿಂದೆಯೇ ಓಡಿದಳು. ಅವಳು ಬಂದು ಹೇಳಿದ್ದಿದು.

ಅಂಗಡಿಯ ಸಾಹುಕಾರರು ಗಾದಿಯ ಮೇಲೆ ಕೂತು ಮದುವೆಯ ಸೀರೆ ಬಿಡಿಸಿ ತೋರಿಸುತ್ತಿದ್ದರು. ಮುಂದೆ ಹೆಣ್ಣಿನ ಕಡೆಯವರೆಲ್ಲ ನೆರೆದಿದ್ದರು. ಡಾಕ್ಟರು ಹೋಗಿ, "ನಿಮ್ಮ ಅಂಗಡಿ ಹಿಂದ ಪಾಯಖಾನಿ ಐತಲ್ಲ, ಅದರ ಒಂದ ಚಾವಿ ಪಲ್ಯಾ ಮಾರೂ ಹೆಣ್ಮಕ್ಕಳಿಗೆ ಕೊಡ್ರಿ" ಎಂದರು.

"ಅದ್ಹೆಂಗ್ ಬರ್ತೈತ್ರಿ ಸಾಹೇಬ್ರ? ಒಬ್ಬರಿಗೆ ಕೊಟ್ರ ಊರೆಲ್ಲಾ ಸಾಲ ಹಚ್ಚತೈತಿ."

"ಹೌದಾ? ಹೋದ ವರ್ಷ ನಿಮ್ಮ ಕಲ್ಲ ತಗದಾಂವ ನಾನ. ಕೊಯ್ಲಾರದ ತಗದೆ, ನೆನಪೈತಲ್ಲ? ಯಾವ ಹಾದೀಲೆ ಒಳಗ ಹೋಗಿ ತಗದೆ ಅಂತ ಈ ತಾಯಂದಿರ ಮುಂದ ಹೇಳಲ್ಯಾ?"

ಸಾಹುಕಾರರು ಉಡುದಾರದಿಂದ ಕೀಲಿಕೈ ಬಿಚ್ಚಿಕೊಟ್ಟರಂತೆ.

ಮಾಬೂಬಿ ಅದಕ್ಕೆ ಕೆಂಪು ದಾರ ಕಟ್ಟಿ ತನ್ನ ತಕ್ಕಡಿಯ ಗೂಟಕ್ಕೆ ನೇತುಹಾಕಿದಳು. ಇಂದಿಗೂ ಅಲ್ಲೇ ಇದೆ. ದಾರ ಮಾತ್ರ ಬದಲಾಗುತ್ತದೆ. ವಾರಕ್ಕೊಬ್ಬರು ಸರದಿಯ ಮೇಲೆ ತೊಳೆಯುತ್ತೇವೆ. ಸಾಹುಕಾರರ ಮಂದಿಗಿಂತ ಚೊಕ್ಕ ಇಟ್ಟಿದ್ದೇವೆಂದು ಸಾಹುಕಾರರೇ ಹೇಳುತ್ತಾರೆ. ಅಂದಿನಿಂದ ನಮ್ಮ ಸಾಲಿನ ಹೆಂಗಸರು ಹಗಲಿನಲ್ಲಿ ನೀರು ಕುಡಿಯುತ್ತಾರೆ.

ಇಷ್ಟಕ್ಕೇ ಅವರನ್ನು ಬಹಳ ಮೃದು ಮನಸ್ಸಿನವರೆಂದು ತಿಳಿಯಬೇಡಿ. ಬಾಯಿ ಕೆಟ್ಟದು. ಹೇಳಿದ ಹೊತ್ತಿಗೆ ಎಂದೂ ನೋಡಿದವರಲ್ಲ, ಮಂದಿಯನ್ನು ಅರ್ಧ ದಿನ ಬಾಕಿನ ಮೇಲೆ ಕಾಯಿಸುತ್ತಿದ್ದರು. ಆಪರೇಶನ್ ಮಾಡುವಾಗ ಹಾಡುತ್ತಿದ್ದರು, ಒಂದು ಸ್ವರವೂ ನೆಟ್ಟಗಿರುತ್ತಿರಲಿಲ್ಲ. ಧಾರವಾಡದ ನೀರು ಕುಡಿದು ಅಷ್ಟು ಕೆಟ್ಟದಾಗಿ ಹಾಡುವ ಮನುಷ್ಯ ಇನ್ನೊಬ್ಬ ಹುಟ್ಟಿರಲಿಕ್ಕಿಲ್ಲ. ಅಲ್ಲಿನ ಸಿಸ್ಟರು ನನಗೆ ಹೇಳಿದ್ದರು, "ಹಾಡಾಕತ್ರ ಚಿಂತಿ ಮಾಡಬ್ಯಾಡ್ರಿ ಆಯಿ. ಹಾಡ ನಿಂದ್ರಿಸಿದ್ರ ದೇವರ ಹೆಸರ ತಗೋರಿ."

ಆ ಕಿಡ್ನಿಯ ಮೇಲೆ ನಾನು ಹತ್ತು ವರ್ಷದ ಹತ್ತಿರ ಛಲೋ ಬಾಳಿದೆ. ಶೋಭಾಳ ಮದುವೆ ಮಾಡಿದೆ, ಅವಳು ನವನಗರಕ್ಕೆ ಹೋದಳು. ಆಮೇಲೆ ಒಂದು ದಿನ ಮೂತ್ರ ಕೆಂಪಗೆ ಹೋಯಿತು.

ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ನಾನು ಹೆದರಲಿಲ್ಲ, ಯಾಕೆಂದರೆ ಅದು ಕೆಂಪು ರಾಜಗಿರಿಯ ಕಾಲ. ಮಾರಾಟವಾಗದೆ ಉಳಿದದ್ದೆಲ್ಲ ನಮ್ಮ ಗಡಿಗೆಗೆ. ರಾತ್ರಿ ರಾಜಗಿರಿ ಪಲ್ಯ ರೊಟ್ಟಿ, ಮುಂಜಾನೆ ರಾಜಗಿರಿ ಪಲ್ಯ ರೊಟ್ಟಿ. ತಿಂದ ಬಣ್ಣ ಇಳಿಯುತ್ತದೆ, ಅದರಲ್ಲೇನು? ತಪ್ಪಲು ಮಾರುವ ಯಾವ ಹೆಂಗಸಿಗೆ ಕೇಳಿದರೂ ಅದನ್ನೇ ಹೇಳುತ್ತಾಳೆ. ಮಾಬೂಬಿಯೂ, "ರಾಜಗಿರಿದ ಬಣ್ಣಕ್ಕ, ಬಿಡು" ಎಂದಳು. ನಾಲ್ಕು ದಿನ ಬರುವುದು, ನಿಲ್ಲುವುದು, ಮತ್ತೆ ಬರುವುದು. ಹೀಗೇ ಒಂದು ಹಂಗಾಮು ಕಳೆಯಿತು.

ಡಾಕ್ಟರು ರವಿವಾರ ಬಂದು ಎಂದಿನಂತೆ, "ಬಣ್ಣ ಹೆಂಗೈತ್ರಿ?" ಎಂದರು.

"ಕೆಂಪೈತ್ರಿ. ರಾಜಗಿರಿ."

ಸಬ್ಬಸಿಗೆ ಹಿಡಿದ ಅವರ ಕೈ ಹಾಗೇ ನಿಂತಿತು. "ಇವತ್ತ ನಿಮ್ಮ ಮುಂದ ರಾಜಗಿರಿ ಎಲ್ಲೈತಿ?"

ನೋಡಿಕೊಂಡೆ. ಇರಲಿಲ್ಲ. ರಾಜಗಿರಿ ಬರುವುದು ನಿಂತೇ ಎಷ್ಟೋ ದಿನವಾಗಿತ್ತು. ಮುಂಜಾನೆ ಕೆಂಪಗೆ ಹೋಗಿತ್ತು.

"ಏಳು," ಎಂದರು. ಅವರು ನನಗೆ ಎಂದೂ 'ನೀವು' ಬಿಟ್ಟು ಮಾತಾಡಿದವರಲ್ಲ. "ಏಳ್ ಯವ್ವಾ, ಇದ್ದಂಗ ಏಳು. ಮಾಬೂಬಿ, ಈಕಿ ಪಲ್ಯಾ ನೋಡ್ಕೋ."

ಬಣ್ಣದ ಔಷಧಿ ಚುಚ್ಚಿ ಎಕ್ಸ್‌ರೇ ತೆಗೆದರು. ಕಿಡ್ನಿಯ ಒಳಗೆ ಬಿಳಿ ತುಂಬಿತ್ತು, ನಡುವೆ ಒಂದು ಕಡೆ ಹುಳ ತಿಂದ ಎಲೆಯಂತೆ ಕಪ್ಪು ಜಾಗ. ನವನಗರದಿಂದ ಶೋಭಾಳನ್ನು ಕರೆಸಿ ಇಬ್ಬರನ್ನೂ ಕೂಡಿಸಿದರು.

"ಕಲ್ಲೇನ್ರಿ?" ಎಂದೆ.

"ಕಲ್ಲಲ್ಲ. ಗಡ್ಡಿ."

ಶೋಭಾ ಸೆರಗು ಬಾಯಿಗೆ ಹಿಡಿದಳು. "ಕ್ಯಾನ್ಸರ್ ಏನ್ರಿ?"

"ಹೌದು."

  ಹೊರಗೆ ಬಾಕಿನ ಮೇಲೆ ಯಾರೋ ಕೆಮ್ಮುತ್ತಿದ್ದರು. ನಾನೇ ಕೇಳಿದೆ, "ಮುಂದೇನ್ ಹೇಳ್ರಿ."

ಮೊದಲು ಒಳಗೆ ಸಣ್ಣ ದುರ್ಬೀನು ಹಾಕಿ ನೋಡಿ, ಗಡ್ಡೆಯ ಒಂದು ಚೂರು ಚಿವುಟಿ ಪರೀಕ್ಷೆಗೆ ಕಳಿಸಿದರು. ಅದರ ವರದಿ ಬರುವವರೆಗೆ ಪೇಟೆಗೆ ಬಂದರೂ ಬಣ್ಣ ಕೇಳಲಿಲ್ಲ, ಚೌಕಾಸಿ ಮಾಡಲಿಲ್ಲ, ಕೊಟ್ಟದ್ದನ್ನು ತೆಗೆದುಕೊಂಡು ಹೋದರು. ವರದಿ ಬಂದ ಮೇಲೆ ಹೇಳಿದರು, "ಕ್ಯಾನ್ಸರ್ ಒಳಗೂ ಸಾಧು ಜಾತಿ ಅಂತ ಇರ್ತೈತಿ, ಕೆಟ್ಟ ಜಾತಿ ಅಂತ ಇರ್ತೈತಿ. ಇದು ಸಾಧು. ಸಣ್ಣದೂ ಐತಿ. ಆದ್ರೂ ಪುಸ್ತಕದಾಗ ಬರದಂಗ ಮಾಡಬೇಕಂದ್ರ ಕಿಡ್ನಿ, ಅದರ ನಳಗಿ, ಉಚ್ಚಿ ಚೀಲದ ಒಂದ ತುಂಡು, ಎಲ್ಲಾ ಕೂಡೇ ತಗೀಬೇಕು. ಎರಡ ಕಿಡ್ನಿ ಇದ್ದವರಾಗಿದ್ರ ನಾನೂ ಅದನ್ನ ಮಾಡ್ತಿದ್ದೆ."

"ತಗದ ಬಿಡ್ರಿ ಸಾಹೇಬ್ರ," ಎಂದಳು ಶೋಭಾ. "ಬೇರ ಸಮೇತ ತಗದ ಬಿಡ್ರಿ. ಮಶೀನ್ ಮ್ಯಾಲ ಇಡ್ರಿ, ನಾ ನೋಡ್ಕೋತೇನಿ ನಮ್ಮವ್ವನ್ನ."

"ಮಶೀನ್ ಅಂದ್ರ ಹೆಂಗ್ರಿ?" ಎಂದೆ ನಾನು.

"ಕಿಡ್ನಿ ಮಾಡೂ ಕೆಲಸಾ ಮಶೀನ್ ಮಾಡ್ತೈತಿ. ವಾರದಾಗ ಎರಡ ಮೂರ ದಿನಾ ಅದಕ್ಕ ಜೋಡ್ಸಿ ಅರ್ಧಾ ದಿನಾ ಮಲಗಸ್ತಾರ. ಜೀವಾ ಇರೂತನ. ನೀರ ಅಳದ ಕುಡೀಬೇಕು, ಗುಟಕಾ ಗುಟಕಾ. ತಪ್ಪಲ ಪಲ್ಯಾ ತಿನ್ನಂಗಿಲ್ಲ."

ನನಗೆ ನಗು ಬಂದುಬಿಟ್ಟಿತು. ಅಂಥ ಹೊತ್ತಿನಲ್ಲಿ ನಗಬಾರದು, ಬಂತು. "ಹತ್ತ ವರ್ಷ ಕುಡಿ ಕುಡಿ ಅಂತ ನನ್ನ ಜೀವಾ ತಿಂದ್ರಿ. ಈಗ ಕುಡೀಬ್ಯಾಡ ಅಂತೀರಿ? ತಪ್ಪಲಾ ಮಾರೂ ಮುದಿಕಿಗೆ ತಪ್ಪಲಾ ತಿನಬ್ಯಾಡ ಅಂತೀರಿ? ಇದಕ್ಕಿಂತ ಸಾಯೂದ ಹಗುರ."

"ಇನ್ನೊಂದ ಹಾದಿ ಐತಿ."

ಆ ಹಾದಿಯನ್ನು ನನಗೆ ತಿಳಿಯುವ ಹಾಗೆ ಹೇಳಿದರು. ಮೆಂತೆಯ ದಂಟಿನಷ್ಟು ದಪ್ಪದ ದುರ್ಬೀನು, ಬಳುಕುವಂಥದ್ದು. ಮೂತ್ರ ಬರುವ ಹಾದಿಯಲ್ಲೇ ಒಳಗೆ ಹೋಗಿ, ಚೀಲ ದಾಟಿ, ನಳಿಗೆ ಹತ್ತಿ, ಕಿಡ್ನಿಯವರೆಗೆ ಏರುತ್ತದೆ. ಅದರೊಳಗಿಂದ ದಾರದಷ್ಟು ತೆಳುವಾದ ಲೇಸರ್ ಹೊರಗೆ ಬಂದು ಗಡ್ಡೆಯನ್ನಷ್ಟೇ ಸುಡುತ್ತದೆ. ಕಿಡ್ನಿ ಇದ್ದಲ್ಲೇ ಇರುತ್ತದೆ. "ದೇವರು ಮೊದಲ ಒಂದ ಹಾದಿ ಮಾಡ್ಯಾನ. ನಾ ಯಾಕ ಹೊಸಾ ಬಾಗಲಾ ಕಡೀಲಿ?" ಎಂದರು.

ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತರು. "ಪೂರಾ ಹೇಳ್ತೇನಿ ಕೇಳ್ರಿ. ಸುಟ್ಟ ಮ್ಯಾಲೂ ಇದು ಮತ್ತ ಬರ್ತೈತಿ, ಭಾಳ ಮಂದಿಗೆ ಬರ್ತೈತಿ. ಹಿಂದ ಒಬ್ಬರಿಗೆ ಹಿಂಗ ಕಿಡ್ನಿ ಉಳಸಾಕ ಹೋದೆ. ಆರಾಮ ಆತಂತ ಅವರು ತಿರುಗಿ ಬರಲಿಲ್ಲ. ನಾನೂ ಬೆನ್ನ ಹತ್ತಲಿಲ್ಲ. ಅವರು ಬಂದಾಗ ಅದು ಹೊರಗ ಹರಡಿತ್ತು. ಈಗ ಅವರಿಲ್ಲ."

ಶೋಭಾ ನನ್ನ ಕೈ ಹಿಡಿದುಕೊಂಡಳು. 

"ಹೊಲದಾಗ ಕಸಾ ಬಿತ್ತಂತ ಹೊಲಾ ಮಾರತೇವೇನ್ರಿ?" ಎಂದೆ. "ಕೀಳ್ರಿ."

"ಮತ್ತ ಬೆಳೀತೈತಿ."

"ಮತ್ತ ಕೀಳ್ರಿ."

"ಮೂರ ತಿಂಗಳಿಗೊಮ್ಮೆ ದುರ್ಬೀನ್ ಹಾಕಿ ನೋಡಬೇಕಾಗ್ತೈತಿ. ನಾ ಕರದಾಗ ಬರಬೇಕು."

"ಬರ್ತೇನ್ರಿ. ಕಿಡ್ನಿ ನಿಮ್ದಲ್ಲೇನು? ನೀವ ನೋಡ್ಕೋರಿ."

ಆಗ ಅವರ ದವಾಖಾನೆಯಲ್ಲಿ ಲೇಸರ್ ಯಂತ್ರ ಇರಲಿಲ್ಲ. ಬಾಡಿಗೆಯ ಯಂತ್ರ, ಹೊರಗಿನ ಊರಿನಿಂದ ಕಂಬಳಿ ಸುತ್ತಿಕೊಂಡು ವ್ಯಾನಿನಲ್ಲಿ ಬರುತ್ತಿತ್ತು. ಅದು ಬರುವ ದಿನಕ್ಕೆ ಕಲ್ಲಿನವರನ್ನೆಲ್ಲ ಕೂಡಿಹಾಕಿ ಸಾಲಾಗಿ ಮಾಡಿ ಕಳಿಸುತ್ತಿದ್ದರು. ಹೆಬ್ಬಳ್ಳಿಯ ರೈತರು, ಹತ್ತಿ ವ್ಯಾಪಾರಿಗಳು, ಒಬ್ಬ ಮಾಸ್ತರರು, ಎಲ್ಲರೂ ನೀಲಿ ಅಂಗಿ ತೊಟ್ಟು ಕೂತಿದ್ದರು. ಮಾಸ್ತರರು ನನ್ನನ್ನು, "ನಿಮ್ಮದು ಎಷ್ಟ ದೊಡ್ಡ ಕಲ್ರಿ?" ಎಂದು ಕೇಳಿದರು. "ನಂದು ಕಲ್ಲಲ್ರಿ, ಕಸಾ," ಎಂದೆ. ಡಾಕ್ಟರು ನನ್ನನ್ನೇ ಮೊದಲು ಒಳಗೆ ಕರೆದರು. ಯಂತ್ರ ಬಿಸಿಯಾಗುವ ಮೊದಲು, ತಮ್ಮ ಕೈ ದಣಿಯುವ ಮೊದಲು ನನ್ನದು ಮುಗಿಯಬೇಕು ಎಂದರು.

ಬೆನ್ನಿಗೆ ಸೂಜಿ ಹಾಕಿದರು, ಸೊಂಟದ ಕೆಳಗೆ ನಾನು ಇಲ್ಲದಂತಾಯಿತು. ತಲೆ ಮಾತ್ರ ಎಚ್ಚರ. ಮಗ್ಗುಲಲ್ಲಿ ಒಂದು ಟೀವಿ ಇತ್ತು. "ನೋಡ್ರಿ ಯವ್ವಾ, ನಿಮ್ಮ ಮನಿ ಒಳಗ ಹೊಂಟೇವಿ" ಎಂದು ಹಾಡಲು ಸುರು ಮಾಡಿದರು. ಟೀವಿಯಲ್ಲಿ ಬಾಯಿಯ ಒಳಗಿನಂತೆ ಗುಲಾಬಿ ಬಣ್ಣದ ಓಣಿ. ಇಕ್ಕಟ್ಟಾಗುತ್ತ ಹೋಗಿ ಒಮ್ಮೆಲೇ ಅಗಲವಾಯಿತು. ಅಲ್ಲಿ ಮೂಲೆಯಲ್ಲಿ ಅದು ಇತ್ತು. ಹೂಕೋಸಿನ ಒಂದು ಸಣ್ಣ ಎಸಳು, ನೀರಿನಲ್ಲಿ ಮೆಲ್ಲಗೆ ತೂಗಾಡುತ್ತಿತ್ತು.

"ಹೂಕೋಸು," ಎಂದೆ.

"ಹ್ಞಾಂ."

"ನಾ ಜನ್ಮದಾಗ ಹೂಕೋಸು ಮಾರಿಲ್ರಿ. ಇದು ನನ್ನ ಮಾಲಲ್ಲ."

ಸಿಸ್ಟರು ನಕ್ಕರು. ಡಾಕ್ಟರು ಹಾಡುತ್ತಲೇ ಸುಡಲು ಹತ್ತಿದರು. ಎಸಳು ಬೆಳ್ಳಗಾಗಿ ಸುಣ್ಣದ ಪುಡಿಯಂತೆ ಉದುರುತ್ತಿತ್ತು. ನೋಡನೋಡುತ್ತ ಟೀವಿ ಕೆಂಪಾಯಿತು, ಏನೂ ಕಾಣದಂತಾಯಿತು. ಹಾಡು ನಿಂತಿತು.

ಸಿಸ್ಟರು ಹೇಳಿದ್ದು ನೆನಪಾಯಿತು. ಶೋಭಾ ಹೊರಗೆ ಕೂತಿದ್ದಾಳೆ, ಅವಳಿಗೆ ಏನು ಹೇಳುತ್ತಾರೆ ಎಂದುಕೊಂಡೆ. ಡಾಕ್ಟರು, "ನೀರ ಬಿಡ್ರಿ, ಇನ್ನೊಂದಿಷ್ಟ ಬಿಡ್ರಿ, ಅವಸರ ಬ್ಯಾಡ" ಎಂದು 'ರಿ' ಹಚ್ಚಿ ಸಿಸ್ಟರಿಗೆ ಹೇಳುತ್ತಿದ್ದರು, ಅಷ್ಟು ಸಮಾಧಾನದ ದನಿ ನಾನು ಅವರದ್ದು ಕೇಳಿರಲೇ ಇಲ್ಲ. ಕೆಂಪು ತಿಳಿಯಾಗುತ್ತ ಬಂತು. ಗುಲಾಬಿ ಗೋಡೆ ಕಂಡಿತು, ಎಸಳು ಇದ್ದಲ್ಲಿ ಬಿಳಿ ಕಲೆ. ಆ ಕೆಟ್ಟ ಹಾಡು ಮತ್ತೆ ಸುರುವಾಯಿತು. ನನಗೆ ಅಷ್ಟು ಇಂಪಾಗಿ ಯಾವ ಹಾಡೂ ಕೇಳಿಸಿಲ್ಲ.

ಒಳಗೆ ಒಂದು ತೆಳು ನಳಿಗೆ ಇಟ್ಟರು, ಕೆಲವು ದಿನದ ಮೇಲೆ ಅದನ್ನೂ ತೆಗೆದರು. ನಾನು ಪೇಟೆಗೆ ಹೋದೆ. ಮಾಬೂಬಿ ನನ್ನ ಸೀರೆ ಸರಿಸಿ ನೋಡಿದಳು. "ಎಲ್ಲಿ ಕೊಯ್ದಾರ?"

"ಕೊಯ್ದಿಲ್ಲ."

"ಹೊಲಗಿ?"

"ಹೊಲಗಿನೂ ಇಲ್ಲ."

"ಕೊಯ್ದಿಲ್ಲ, ಹೊಲದಿಲ್ಲ, ಅದೆಂಥಾ ಆಪರೇಶನ್ನ ಬೇ? ಟೀವಿ ತೋರ್ಸಿ ಕಳಿಸ್ಯಾರ ನಿನ್ನ."

ಸಾಲಿನ ಹೆಂಗಸರೆಲ್ಲ ಅದನ್ನೇ ಅಂದರು. ಮೊದಲಿನ ಕುಡುಗೋಲು ಗಾಯವನ್ನು ತೋರಿಸಿ, "ಇದು ಆಪರೇಶನ್ನು ಅಂದ್ರ" ಎಂದರು. ಕೇಳಿ ಕೇಳಿ ನನಗೂ ಹಾಗೇ ಅನಿಸಿತು. ನೋವಿಲ್ಲ, ಗಾಯವಿಲ್ಲ, ಬಣ್ಣ ತಿಳಿ. ಮೂರು ತಿಂಗಳಿಗೆ ಕರೆದರು, ಹೋಗಲಿಲ್ಲ. ಎಳ್ಳಮಾವಾಸ್ಯೆ ಬಂದಿತ್ತು. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗುವವರೆಲ್ಲ ಭಜ್ಜಿ ಪಲ್ಯಕ್ಕೆ ತಪ್ಪಲು ಒಯ್ಯುವ ಹೊತ್ತು. ವರ್ಷದ ವ್ಯಾಪಾರ ಆ ಎರಡು ದಿನದಲ್ಲಿ. ಹಬ್ಬ ಆದ ಮೇಲೆ ನೋಡೋಣ ಎಂದುಕೊಂಡೆ.

ಹಬ್ಬದ ಹಿಂದಿನ ದಿನ, ಗಿರಾಕಿ ಮುತ್ತಿಕೊಂಡಿರುವಾಗ, ಡಾಕ್ಟರು ಬಂದರು. ನೇರ ನನ್ನ ಗೋಣಿತಟ್ಟಿನ ಮೇಲೆ ಚಕ್ಕಳ ಹಾಕಿ ಕೂತರು.

"ಇದೇನ್ರಿ ಸಾಹೇಬ್ರ?"

"ನೀವ ದವಾಖಾನಿಗೆ ಹೋಗ್ರಿ. ವ್ಯಾಪಾರ ನಾ ಮಾಡ್ತೇನಿ."

"ನಾಳೆ ಅಮಾಸಿ ಐತ್ರಿ! ನಾಡ್ದು ಬರ್ತೇನಿ, ಖರೇನ ಬರ್ತೇನಿ."

"ನೀವು ಹೋಗಿ ಆಪರೇಶನ್ ಮೇಜಿನ ಮ್ಯಾಲ ಮಲಗೂತನಾ ನಾ ಏಳಂಗಿಲ್ಲ," ಎಂದವರೇ ಗಿರಾಕಿಯ ಕಡೆ ತಿರುಗಿದರು. "ಏನ್ ಬೇಕವ್ವಾ? ಮೆಂತೆ? ತಗೋ." ಒಂದರ ಬದಲು ಮೂರು ಸಿವುಡು ಎತ್ತಿ ಕೊಟ್ಟರು. ಇನ್ನೊಬ್ಬಳು ಪುಂಡಿ ಕೇಳಿದ್ದಕ್ಕೆ ಸಬ್ಬಸಿಗೆ ಕೊಟ್ಟರು. ಜೊತೆಗೆ, "ಬಣ್ಣ ಹೆಂಗೈತವ್ವಾ ನಿಂದು?" ಎಂದು ಕೇಳಿದರು. ಅವಳು ಚೀಲ ಅಲ್ಲೇ ಬಿಟ್ಟು ಹೊರಟಳು.

ಮಾಬೂಬಿ ಹಣೆ ಬಡಿದುಕೊಂಡಳು. "ಯಕ್ಕಾ, ನಿನ್ನ ಕಾಲ ಬೀಳ್ತೇನಿ, ಇವ್ರನ್ನ ಎಬ್ಬಿಸ್ಕೊಂಡ ಹೋಗ. ನಿನ್ನ ಪಲ್ಯಾ ನಾ ಮಾರ್ತೇನಿ. ಇವ್ರ ಕುಂತ್ರ ನನ್ನ ಗಿರಾಕಿನೂ ಓಡತಾವ."

ಹೋದೆ. ಅಂದು ಒಳಗೆ ದುರ್ಬೀನು ಹಾಕಿದಾಗ ಹಾಡು ಅರ್ಧಕ್ಕೇ ನಿಂತಿತು. ಮೊದಲಿನ ಕಲೆಯ ಹತ್ತಿರ ಸಾಸಿವೆಯಷ್ಟು ಒಂದು ಹೊಸ ಮೊಳಕೆ. ಟೀವಿಯಲ್ಲಿ ನಾನೂ ಕಂಡೆ. ಹಬ್ಬ, ಸುಗ್ಗಿ, ಮಳೆಗಾಲ ಎಂದು ನಾನು ತಳ್ಳುತ್ತ ಹೋಗಿದ್ದರೆ ಅದು ಎಷ್ಟಾಗಿರುತ್ತಿತ್ತೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಲೇಸರ್ ತರಿಸಿ ಅದನ್ನೂ ಸುಟ್ಟರು. ಈ ಸಲವೂ ಗಾಯವಿರಲಿಲ್ಲ. ಮಾಬೂಬಿ ಕೇಳಲು ಬಂದರೆ ನಾನೇ, "ಟೀವಿ ನೋಡಿ ಬಂದೆ" ಎಂದೆ.

ಅಂದಿನಿಂದ ಕರೆದಾಗಲೆಲ್ಲ ಹೋದೆ. ಮೂರು ತಿಂಗಳಿಗೊಮ್ಮೆ ಇದ್ದದ್ದು ಆರಾಯಿತು, ಆಮೇಲೆ ವರ್ಷಕ್ಕೊಮ್ಮೆ. ಮತ್ತೆ ಏನೂ ಮೊಳೆಯಲಿಲ್ಲ. ಪ್ರತಿ ಸಲ ಹಾಡು ಸುರುವಿನಿಂದ ಕೊನೆಯವರೆಗೆ ಪೂರ್ತಿ ಕೇಳಬೇಕಾಗುತ್ತಿತ್ತು. ಬದುಕಬೇಕಾದರೆ ಇಷ್ಟು ಸಹಿಸಬೇಕು.

ದವಾಖಾನೆ ಬಿಟ್ಟುಕೊಡುವಾಗ ಹೊಸ ಡಾಕ್ಟರಿಗೆ ನನ್ನನ್ನು ತೋರಿಸಿ, "ಈ ಯವ್ವನ್ನ ನೋಡ್ಕೋರಿ. ಈಕಿ ಹತ್ರ ನಂದೊಂದ ಕಿಡ್ನಿ ಐತಿ" ಎಂದರು. ಹೊಸಬರು ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡಿದರು.

ಹೋದ ವಾರ ಹೊಸ ಡಾಕ್ಟರು ಮೊದಲ ಸಲ ದುರ್ಬೀನು ಹಾಕಿದರು. ಹಾಡಲಿಲ್ಲ.  ಹಾಡಿಲ್ಲದಿದ್ದರೆ ಒಳ್ಳೆಯದೋ ಕೆಟ್ಟದೋ ಹೇಗೆ ತಿಳಿಯಬೇಕು? ಮುಗಿದ ಮೇಲೆ, "ಸ್ವಚ್ಛ ಐತಿ ಅಜ್ಜಿ, ಏನೂ ಇಲ್ಲ" ಎಂದರು. ಮೊದಲೇ ಹೇಳಬಾರದಿತ್ತೇ!

ಈ ರವಿವಾರ ಹಳೆಯ ಡಾಕ್ಟರು ಪೇಟೆಗೆ ಬಂದರು. ಧಾರವಾಡದಿಂದ ಬಸ್ಸು ಹಿಡಿದು ಬಂದಿದ್ದರು. ಕೂದಲು ಪೂರಾ ಬಿಳಿಯಾಗಿತ್ತು, ಪ್ಯಾಂಟಿನ ಒಂದೇ ಕಾಲು ಈಗಲೂ ಮಡಚಿತ್ತು.

"ನನ್ನ ಕಿಡ್ನಿ ಹೆಂಗೈತ್ರಿ?"

"ಚೊಕ್ಕ ಐತ್ರಿ. ಹೊಸಾ ಸಾಹೇಬ್ರ ನೋಡ್ಯಾರ."

"ಏನೂ ಇಲ್ಲ?"

"ಏನೂ ಇಲ್ಲ."

ಅವರು ಒಂದು ಬಾಡಿದ ಕೋತಂಬರಿ ಸಿವುಡು ಎತ್ತಿ ಮೂಗಿಗೆ ಹಿಡಿದು ಬಹಳ ಹೊತ್ತು ಹಾಗೇ ನಿಂತರು. ನಾನು ಕಸಿದುಕೊಳ್ಳಲಿಲ್ಲ. ಆಮೇಲೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು, ರಸ್ತೆಯ ಆಚೆ ನೋಡಿದರು, ತಕ್ಕಡಿಯ ಗೂಟ ನೋಡಿದರು.

"ಯವ್ವಾ," ಎಂದರು ಮೆಲ್ಲಗೆ, "ಆ ಚಾವಿ ಒಂದೀಟ ಕೊಡ್ರಿ. ವಯಸ್ಸಾತು. ಧಾರವಾಡದಿಂದ ಇಲ್ಲಿತನ ತಡಕೊಂಡ ಕುಂದರೂದು ಆಗವಲ್ದು."

ಮಾಬೂಬಿ ಸೆರಗು ಬಾಯಿಗೆ ಹಿಡಿದುಕೊಂಡೇ ಕೀಲಿಕೈ ಬಿಚ್ಚಿಕೊಟ್ಟಳು. ಅವರು ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಂಡು, ಚಪ್ಪಲಿ ಎಳೆಯುತ್ತ ಲಗುಬಗೆಯಿಂದ ರಸ್ತೆ ದಾಟಿದರು. ಸೀರೆ ಅಂಗಡಿಯ ಮುಂದೆ ಗಿರಾಕಿ ತುಂಬಿತ್ತು. ನಾನು ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಇಡೀ ಪೇಟೆಗೆ ಕೇಳುವಂತೆ ಕೂಗಿದೆ.

"ಸಾಹೇಬ್ರ! ಬಣ್ಣ ನೋಡ್ಕೊಂಡ ಬರ್ರಿ!"

ಎಲ್ಲರೂ ಅವರನ್ನೇ ತಿರುಗಿ ನೋಡಿದರು. ಅವರು ಹಿಂದೆ ನೋಡದೆ ಕೈಯೊಂದನ್ನು ಮೇಲೆತ್ತಿ ಅಲ್ಲಾಡಿಸಿ ಅಂಗಡಿಯ ಹಿಂದೆ ಮರೆಯಾದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಆ ಕೆಟ್ಟ ಹಾಡು ಕೇಳಿಸತೊಡಗಿತು.

ನಾನು ಕೂತು ಮೆಂತೆಗೆ ನೀರು ಹೊಡೆದೆ. ಆಮೇಲೆ ಒಂದು ತಂಬಿಗೆ ತುಂಬಿಕೊಂಡು ನಾನೂ ಕುಡಿದೆ.